ಎರಡನೇ ಯಂತ್ರ ನಿಲ್ಲಿಸಿದ ಚಳಿಗಾಲ

ನವೆಂಬರ್ 3, ಸೋಮವಾರ

ವಿದ್ಯುತ್ ಸ್ಥಾವರದ ಗೆಸ್ಟ್ ಹೌಸಿನ ಚಾವಣಿ ಸೋರುತ್ತಿದೆಯಂತೆ. ಸ್ಥಾವರದ ಮ್ಯಾನೇಜರ್ ಫೋನಿನಲ್ಲೇ ಕೈಯೆತ್ತಿಬಿಟ್ಟರು. ಹೋಟೆಲು ಹುಡುಕಿಕೊಳ್ಳೋಣ ಎನ್ನುವಷ್ಟರಲ್ಲಿ ಭಾವನ ಫೋನು ಬಂತು. "ಅಕ್ಕ ಇರೋ ಊರಿಗೆ ಬಂದು ಹೋಟೆಲಲ್ಲಿ ಇಳ್ಕೊಂಡ್ರೆ ಅವಳು ನಿನ್ನ ಜೊತೆ ಮಾತು ಬಿಡ್ತಾಳೆ ನೋಡು. ಈಗಲೇ ಮಾತಿಗೆ ಉಸಿರು ಸಾಲಲ್ಲ. ಇರೋದನ್ನೂ ಬಿಟ್ಟುಬಿಟ್ರೆ ಕಷ್ಟ."

ಹಾಗಾಗಿ ಇಲ್ಲಿ ಇಳಿದಿದ್ದೇನೆ. ಹೆಚ್ಚೆಂದರೆ ಮೂರು ವಾರ. ಸ್ಥಾವರದಲ್ಲಿರುವುದು ಎರಡು ಗ್ಯಾಸ್ ಟರ್ಬೈನು, ಎರಡಕ್ಕೂ ವಯಸ್ಸಾಗಿದೆ. ಸುಟ್ಟ ಇಂಧನಕ್ಕೆ ತಕ್ಕ ವಿದ್ಯುತ್ತು ಕೊಡುತ್ತವೆಯೇ, ಬೇಕೆಂದಾಗ ಹೊತ್ತಿಕೊಳ್ಳುತ್ತವೆಯೇ, ಈ ಚಳಿಗಾಲ ಪೂರ್ತಿ ಅವನ್ನು ನಂಬಬಹುದೇ ಎಂದು ಪರೀಕ್ಷಿಸಿ ನಮ್ಮ ಕಚೇರಿಯ ಪರವಾಗಿ ಬರೆದುಕೊಡಬೇಕು. ಇಂಥದ್ದನ್ನು ಬೇಕಾದಷ್ಟು ಮಾಡಿದ್ದೇನೆ.

ಅಕ್ಕ ಬಹಳ ಇಳಿದುಹೋಗಿದ್ದಾಳೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ವಾಸಿಯಾಗುವಂಥದ್ದಲ್ಲ ಎಂದು ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಹಜಾರದ ಮೂಲೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟಿದ್ದಾರೆ. ಅದರಿಂದ ಅವಳ ಮೂಗಿನವರೆಗೆ ಉದ್ದನೆಯ ಕೊಳವೆ. ಬೆರಳಿಗೆ ಮಾಪಕ ಸಿಕ್ಕಿಸಿ ರಕ್ತದ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಎಂದು ನೋಡಿದೆ: ಕೂತಾಗ 91, ಬಚ್ಚಲಿಗೆ ಹೋಗಿಬಂದಾಗ 84. ಯಂತ್ರದ ಫಿಲ್ಟರ್ ಧೂಳು ಹಿಡಿದಿತ್ತು, ತೊಳೆದು ಒಣಗಿಸಿ ಹಾಕಿದೆ. ವಾರಕ್ಕೊಮ್ಮೆ ತೊಳೆಯಬೇಕು ಎಂದು ಭಾವನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಅಕ್ಕ ದಿಂಬಿಗೆ ಒರಗಿಕೊಂಡೇ, "ಬಂದ್ಲಪ್ಪ... ಇನ್‌ಸ್ಪೆಕ್ಟರು," ಎಂದಳು.

ಆ ಯಂತ್ರ ಒಂದೇ ಸಮ ಗುರುಗುಟ್ಟುತ್ತದೆ, ನಡುನಡುವೆ ಠಸ್ ಎಂದು ಸೀನುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಬೇಕು.

ನವೆಂಬರ್ 5, ಬುಧವಾರ

ಮ್ಯಾನೇಜರ್ ಬಡಕಲು ಆಸಾಮಿ. ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕಂಟ್ರೋಲ್ ರೂಮಿನ ಶಿಫ್ಟ್ ಮುಖ್ಯಸ್ಥ ಅವರಿಗೆ ತದ್ವಿರುದ್ಧ. ನಿಂತರೆ ಬಾಗಿಲೇ ಮುಚ್ಚಿಹೋಗುತ್ತದೆ. ಎಲ್ಲರೂ ಅವನನ್ನು ಗುಬ್ಬಿ ಎಂದು ಕರೆಯುತ್ತಾರೆ. ನಾನು ಹುಬ್ಬೇರಿಸಿದ್ದು ಕಂಡು, "ಹುಟ್ಟಿದಾಗ ಸಣ್ಣಗಿದ್ದೆ ಮೇಡಂ. ಹೆಸರಿಟ್ಟೋರು ಸ್ವಲ್ಪ ಕಾಯಬೇಕಿತ್ತು," ಎಂದ.

ಒಂದನೇ ಯಂತ್ರದ ಪರೀಕ್ಷೆ ಮುಗಿಯಿತು. ಪೂರ್ಣ ಭಾರದಲ್ಲಿ ಓಡಿಸಿ, ಬಿಸಿ ಒಂದು ಹದಕ್ಕೆ ನಿಲ್ಲುವವರೆಗೆ ಕಾದು, ಇಂಧನದ ಹರಿವು, ಹುಟ್ಟಿದ ವಿದ್ಯುತ್ತು, ಹೊರಗಿನ ಗಾಳಿಯ ಉಷ್ಣತೆ, ಒತ್ತಡ ಎಲ್ಲ ಬರೆದುಕೊಂಡೆವು. ಚಳಿಯ ಗಾಳಿ ದಟ್ಟವಾಗಿರುವುದರಿಂದ ಎಂಥ ಮುದಿ ಟರ್ಬೈನೂ ಈ ತಿಂಗಳಲ್ಲಿ ಚುರುಕಾಗಿ ಕಾಣುತ್ತದೆ. ಆ ಮೋಸವನ್ನು ಕಳೆದು ಲೆಕ್ಕ ಹಾಕಬೇಕು. ಕಳೆದ ಮೇಲೂ ಚೆನ್ನಾಗಿಯೇ ಇದೆ. ಗುಬ್ಬಿ ತನ್ನ ಮಗುವೇ ಪಾಸಾದಂತೆ ಎಲ್ಲರಿಗೂ ಚಹಾ ಕುಡಿಸಿದ.

ಅಕ್ಕ: ಬೆಳಿಗ್ಗೆ 90, ಸಂಜೆ 89.

ನವೆಂಬರ್ 8, ಶನಿವಾರ

ಎರಡನೇ ಯಂತ್ರ. ವಿದ್ಯುತ್ತು ಕಡಿಮೆ, ಇಂಧನ ಜಾಸ್ತಿ. ಗಾಳಿ ಒತ್ತುವ ಭಾಗದಲ್ಲಿ ಕೊಳೆ ಕೂತಿರಬೇಕೆಂದು ನಿಲ್ಲಿಸಿ ನೀರು ಹಾಯಿಸಿ ತೊಳೆಸಿದೆ. ಸ್ವಲ್ಪ ಸುಧಾರಿಸಿತು, ಆದರೆ ಪೂರ್ತಿ ಅಲ್ಲ. ಹೊಗೆ ಹೊರಬೀಳುವ ಕಡೆ ಸುತ್ತಲೂ ಇಟ್ಟಿರುವ ಉಷ್ಣಮಾಪಕಗಳಲ್ಲಿ ಒಂದು ಮಗ್ಗುಲು ಮಾತ್ರ ಉಳಿದವುಗಳಿಗಿಂತ ಬಿಸಿ. ಒಳಗೆ ಉರಿ ಸಮನಾಗಿ ಹರಡುತ್ತಿಲ್ಲ. ಇದು ನನಗೆ ಹಿಡಿಸಲಿಲ್ಲ.

ಅಕ್ಕ ಕೆಲಸದಿಂದ ನಿವೃತ್ತಳಾಗುವವರೆಗೂ ಈ ಊರಿನ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದಳು. ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಊರಿಗೆಲ್ಲ ಗೊತ್ತಿತ್ತು. ಈಗ ನಾಲ್ಕು ಪದಕ್ಕೊಮ್ಮೆ ನಿಲ್ಲಬೇಕು. ಆದರೂ ಚಟ ಬಿಟ್ಟಿಲ್ಲ. ಇವತ್ತು ಭಾವ ಸೂಪಿನ ಬಟ್ಟಲು ತರುವಾಗ, "ಪ್ರಯಾಣಿಕರು ದಯವಿಟ್ಟು ಗಮನಿಸಿ," ಎಂದು ಶುರು ಮಾಡಿ, ಉಸಿರು ತೆಗೆದುಕೊಂಡು, "ಅಡುಗೆಮನೆಯಿಂದ ಹೊರಟ ಸೂಪು... ಉಪ್ಪಿಲ್ಲದ ಕಾರಣ... ರದ್ದಾಗಿದೆ," ಎಂದಳು. ಭಾವ ಉಪ್ಪು ತರಲು ಹೋದರು. ಅವರು ಕನ್ನಡಕದ ಅಂಗಡಿ ಇಟ್ಟಿರುವವರು, ಮದುವೆಯಾದಾಗಿನಿಂದಲೂ ಮಾತು ಕಮ್ಮಿ. ಮಾತೆಲ್ಲ ಇವಳ ಪಾಲಿಗೇ ಬಿಟ್ಟುಕೊಟ್ಟವರು.

ಇಷ್ಟು ಮಾತಾಡಿದ್ದಕ್ಕೆ 83ಕ್ಕೆ ಇಳಿಯಿತು. ಮಾತು ಕಡಿಮೆ ಮಾಡು ಎಂದು ಹೇಳಿದೆ. "ನೀನು ಬರೋದೇ... ಅಪರೂಪ," ಎಂದಳು.

ನವೆಂಬರ್ 12, ಬುಧವಾರ

ಇಂದು ಎರಡನೇ ಯಂತ್ರವನ್ನು ಹೊತ್ತಿಸಿ ಆರಿಸುವ ಪರೀಕ್ಷೆ. ಇಂಥ ಸ್ಥಾವರ ಇಡೀ ದಿನ ಓಡುವುದಿಲ್ಲ. ಊರಿಗೆಲ್ಲ ಒಟ್ಟಿಗೆ ವಿದ್ಯುತ್ತು ಬೇಕಾದ ಬೆಳಗು ಸಂಜೆಗಳಲ್ಲಿ ಹೊತ್ತಿಸುತ್ತಾರೆ, ಆಮೇಲೆ ಆರಿಸುತ್ತಾರೆ. ಒಳಗಿನ ಅಲಗುಗಳು ಕೆಂಪಗೆ ಕಾದು, ಮತ್ತೆ ತಣಿದು, ಮತ್ತೆ ಕಾದು ದಣಿಯುತ್ತವೆ. ಒಂದೇ ಸಮ ಓಡುವುದಕ್ಕಿಂತ ಇದು ಕೆಟ್ಟದ್ದು. ಮೊದಲ ಸಲ ಹೊತ್ತಿಕೊಂಡಿತು. ಎರಡನೇ ಸಲ ಜ್ವಾಲೆ ನಿಲ್ಲದೆ ತಾನಾಗಿ ಆರಿತು. ಮೂರನೇ ಸಲ ಹೊತ್ತಿಕೊಂಡರೂ ಬೇರಿಂಗಿನ ಬಳಿ ಅದುರಾಟ ಏರಿತು. ನಾನು ಕೈ ಎತ್ತಿ ನಿಲ್ಲಿಸಲು ಹೇಳಿದೆ.

ಗುಬ್ಬಿಗೆ ಸಿಟ್ಟು ಬಂತು. "ಸ್ವಲ್ಪ ಕೆಮ್ಮಿದ್ರೆ ಮಲಗಿಸಿಬಿಡೋದಾ ಮೇಡಂ? ನಾನು ಇಲ್ಲಿಗೆ ಬಂದಾಗಿಂದ ಇದು ಕೆಮ್ತಾನೇ ಓಡ್ತಿದೆ."

"ಒಳಗೆ ಕ್ಯಾಮೆರಾ ಬಿಟ್ಟು ನೋಡೋಣ," ಎಂದೆ.

ಮನೆಗೆ ಬಂದಾಗ ಅಕ್ಕ ಕೆಮ್ಮುತ್ತಿದ್ದಳು. ಗುಬ್ಬಿ ಹೇಳಿದ್ದನ್ನು ಅವಳಿಗೆ ಹೇಳಲಿಲ್ಲ.

ನವೆಂಬರ್ 17, ಸೋಮವಾರ

ಬೆರಳ ಗಾತ್ರದ ಉದ್ದನೆಯ ಕೊಳವೆ, ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ಯಂತ್ರದ ಪಕ್ಕೆಯಲ್ಲಿರುವ ತೂತಿನಿಂದ ಒಳಗೆ ಇಳಿಸಿದೆವು. ಹೊರಗೆ ಕಂಬಳಿ ಹೊದ್ದ ದೊಡ್ಡ ಪ್ರಾಣಿಯಂತಿರುವ ಯಂತ್ರ, ಒಳಗೆ ನೋಡಿದರೆ ಸಾಲು ಸಾಲು ಅಲಗು, ಮೀನಿನ ಕಿವಿರಿನ ಹಾಗೆ. ಗುಬ್ಬಿ ಕೈಯಿಂದ ಆ ಅಲಗುಗಳನ್ನು ಹೊತ್ತ ಅಚ್ಚನ್ನು ಒಂದೊಂದೇ ಅಲಗಿನಷ್ಟು ತಿರುಗಿಸುತ್ತಿದ್ದ, ನಾನು ಪರದೆ ನೋಡುತ್ತಿದ್ದೆ.

ಮೊದಲ ಸಾಲಿನಲ್ಲಿ, ಅರ್ಧ ಸುತ್ತು ಆದಮೇಲೆ, ಒಂದು ಅಲಗಿನ ಹಿಂಬದಿಯ ಅಂಚಿನಲ್ಲಿ ಬುಡದ ಹತ್ತಿರ ಗೆರೆ. ಕೂದಲಿನಷ್ಟು ಸಣ್ಣದು. ಮಸಿಯೋ ಬಿರುಕೋ ಎಂದು ಹೇಳುವುದು ಕಷ್ಟ. ದೀಪದ ಕೋನ ಬದಲಿಸಿ ಮತ್ತೆ ಮತ್ತೆ ನೋಡಿದೆ. ಕೋನ ಬದಲಾದರೂ ಗೆರೆ ಬದಲಾಗಲಿಲ್ಲ. ಅದರ ಪಕ್ಕದ ಅಲಗಿನಲ್ಲೂ ಇದೆಯೇನೋ ಎಂಬ ಅನುಮಾನ.

ಗುಬ್ಬಿ ಪರದೆಯ ಹತ್ತಿರ ಬಗ್ಗಿ ನೋಡಿದ. "ಮಸಿ ಇರಬಹುದು," ಎಂದ. ಅವನ ದನಿ ಸಣ್ಣದಾಗಿತ್ತು.

ಓಡುವಾಗ ಆ ಅಲಗು ಕಿತ್ತುಬಂದರೆ ಹಿಂದಿನ ಸಾಲುಗಳನ್ನೆಲ್ಲ ನುಚ್ಚುನೂರು ಮಾಡುತ್ತದೆ. ಕವಚ ತಡೆದರೆ ಪುಣ್ಯ. ತಡೆಯದಿದ್ದರೆ ಪಕ್ಕದಲ್ಲಿ ನಿಂತವರು ಉಳಿಯುವುದಿಲ್ಲ.

ನವೆಂಬರ್ 18, ಮಂಗಳವಾರ

ಮ್ಯಾನೇಜರ್ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಚಿತ್ರಗಳನ್ನೆಲ್ಲ ನೋಡಿದರು. ಗಂಟಲು ಸರಿಮಾಡಿಕೊಂಡು, "ಚಳಿ ಕಳಿಯೋವರೆಗೆ ಓಡಿಸಬಹುದಾ?" ಎಂದರು.

"ಆ ಗೆರೆ ಬಿರುಕೇ ಆಗಿದ್ರೆ ನಾಳೆ ಹೊತ್ತಿಸಿದಾಗಲೂ ಹೋಗಬಹುದು, ಮುಂದಿನ ವರ್ಷಾನೂ ಹೋಗಬಹುದು."

"ಎರಡನೇದು ನಿಂತ್ರೆ ಊರಿಗೆ ಸರದಿ ಮೇಲೆ ಕರೆಂಟ್ ತೆಗೀಬೇಕು ಮೇಡಂ. ಆಸ್ಪತ್ರೆಗೆ ಬಿಡ್ತೀವಿ, ನೀರಿನ ಪಂಪಿಗೆ ಬಿಡ್ತೀವಿ. ಮನೆಗಳಿಗೆ ತೆಗೀಲೇಬೇಕಾಗತ್ತೆ." ಮತ್ತೆ ಗಂಟಲು. "ನಿಮ್ಮ ಅಕ್ಕಾವ್ರ ಮನೆ ಸೇತುವೆ ಕಡೆ ಬೀದೀಲಲ್ವಾ? ಅದು ಮೊದಲನೇ ಸರದಿಗೇ ಬರತ್ತೆ."

ಅವರು ಹೆದರಿಸಲು ಹೇಳಿದ್ದಲ್ಲ. ತೀರ ಸಂಕೋಚದಿಂದ ಹೇಳಿದರು.

ನವೆಂಬರ್ 19, ಬುಧವಾರ

ವರದಿಯ ಕೊನೆಯ ಪುಟ ಬರೆಯಲು ಕೂತೆ. "ಕೆಲವು ಮಿತಿಗಳಿಗೊಳಪಟ್ಟು ಎರಡನೇ ಯಂತ್ರವನ್ನು ಓಡಿಸಬಹುದು. ಭಾರ ಕಡಿಮೆ ಇಡತಕ್ಕದ್ದು, ದಿನಕ್ಕೆ ಒಂದೇ ಬಾರಿ ಹೊತ್ತಿಸತಕ್ಕದ್ದು." ಇಂಥ ವಾಕ್ಯಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಬರೆದವರಿಗೂ ನಿದ್ದೆ ಬರುತ್ತದೆ, ಓದಿದವರಿಗೂ ನಿದ್ದೆ ಬರುತ್ತದೆ.

ಅಕ್ಕ 82. ಮತ್ತೆ ನೋಡಿದೆ, 82.

ನವೆಂಬರ್ 20, ಗುರುವಾರ

ಬೆಳಿಗ್ಗೆ ಅಕ್ಕನಿಗೆ ತಲೆ ಬಾಚುತ್ತಿದ್ದೆ. "ನಿನ್ನೆಯಿಂದ ಮುಖ ಯಾಕೆ... ಗಂಟು ಹಾಕ್ಕೊಂಡಿದೀಯ?" ಎಂದಳು. ಕೆಲಸದ ವಿಷಯ ಮನೆಯಲ್ಲಿ ಹೇಳುವ ಪದ್ಧತಿ ನನ್ನದಲ್ಲ. ಆದರೆ ಹೇಳಿಬಿಟ್ಟೆ. ಗೆರೆ, ಸರದಿ, ಮ್ಯಾನೇಜರ್ ಹೇಳಿದ ಮಾತು, ನಾನು ಬರೆದಿಟ್ಟ ವಾಕ್ಯ, ಎಲ್ಲ.

ಅವಳು ಬಾಚಣಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅಂದ್ರೆ... ನಾನು ಉಸಿರಾಡ್ಲಿ ಅಂತ... ಅಲ್ಲಿರೋರ ಮೈಮೇಲೆ... ಅದು ಒಡೀಲಿ ಅಂತೀಯ?"

"ಒಡೆಯತ್ತೆ ಅಂತ ಖಾತ್ರಿ ಇಲ್ಲ ಅಕ್ಕ."

"ಒಡೆಯಲ್ಲ ಅಂತ... ಖಾತ್ರಿ ಇದ್ಯಾ?"

"ಇಲ್ಲ."

"ಮತ್ತಿನ್ನೇನು?" ಎಂದವಳಿಗೆ ಕೆಮ್ಮು ಬಂತು. ತುಟಿ ನೀಲಿಯಾಯಿತು. ಭಾವ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದು ಅವಳ ಬೆನ್ನು ನೀವುತ್ತಾ ನಿಂತರು. ನನ್ನ ಕಡೆ ನೋಡಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಅಕ್ಕ ಮೆಲ್ಲಗೆ ಅಂದಳು, "ನನ್ನನ್ನ... ನೆಪ ಮಾಡ್ಕೋಬೇಡ ಪುಟ್ಟಿ. ನನಗೆ ಅದು... ಬಹಳ ಅವಮಾನ."

ನನಗೆ ನಲವತ್ತೆಂಟು ವರ್ಷ. ನನ್ನನ್ನು ಪುಟ್ಟಿ ಎನ್ನುವವರು ಈಗ ಇವರಿಬ್ಬರೇ.

ನವೆಂಬರ್ 21, ಶುಕ್ರವಾರ

ಎರಡನೇ ಯಂತ್ರವನ್ನು ಓಡಿಸಬಾರದು ಎಂದು ಬರೆದುಕೊಟ್ಟೆ. ಮಧ್ಯಾಹ್ನ ನಿಲ್ಲಿಸಿದರು.

ನವೆಂಬರ್ 24, ಸೋಮವಾರ

ನಿಲ್ಲಿಸಿದ ಟರ್ಬೈನನ್ನು ಹಾಗೇ ಬಿಡುವಂತಿಲ್ಲ. ಒಳಗಿನ ಅಚ್ಚು ಬಿಸಿಯಾಗಿರುವಾಗ ಸುಮ್ಮನಿದ್ದರೆ ತನ್ನ ಭಾರಕ್ಕೆ ತಾನೇ ಬಾಗಿಬಿಡುತ್ತದೆ. ಪೂರ್ತಿ ತಣಿಯುವವರೆಗೆ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಅದೂ ಮುಗಿಯಿತು. ಈಗ ಅದು ಬರೀ ಕಬ್ಬಿಣ. ಗುಬ್ಬಿ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರಲಿಲ್ಲ.

ಇಂದು ಮೊದಲ ಸರದಿ. ಸಂಜೆ ಹಜಾರದ ದೀಪ ಹೋಯಿತು, ಯಂತ್ರ ಕೀ ಎಂದು ಕೂಗಿ ನಿಂತಿತು. ನಾನೂ ಭಾವನೂ ಹಿಂದಿನ ದಿನವೇ ಅಭ್ಯಾಸ ಮಾಡಿಕೊಂಡಿದ್ದೆವು. ಅವರು ಕೊಳವೆಯನ್ನು ಯಂತ್ರದಿಂದ ಕಿತ್ತು, ಮೊದಲೇ ತಂದಿಟ್ಟಿದ್ದ ಆಕ್ಸಿಜನ್ ಸಿಲಿಂಡರಿಗೆ ಸಿಕ್ಕಿಸಿದರು, ನಾನು ಅದರ ತಿರುಪು ತಿರುಗಿಸಿದೆ. ಆದರೆ ತಿರುಪನ್ನು ಮೊದಲು ಉಲ್ಟಾ ತಿರುಗಿಸಿದೆ. ಇಷ್ಟು ವರ್ಷದಲ್ಲಿ ಹಾಗೆ ಯಾವತ್ತೂ ಮಾಡಿದ್ದಿಲ್ಲ.

ನವೆಂಬರ್ 29, ಶನಿವಾರ

ನನ್ನ ಕೆಲಸ ಮುಗಿದಿದೆ. ಕಚೇರಿಗೆ ಫೋನು ಮಾಡಿ, ಎರಡನೇ ಯಂತ್ರದ ಕವಚ ತೆಗೆಯುವಾಗ ನಾನು ಇಲ್ಲೇ ಇರಬೇಕು ಎಂದೆ. ಅದಕ್ಕೆ ಯಾರನ್ನು ಕಳಿಸಿದ್ದರೂ ಆಗುತ್ತಿತ್ತು. ಕಚೇರಿಯವರೂ ಯಾಕೆಂದು ಕೇಳಲಿಲ್ಲ. ಭಾವನೂ ಯಾವಾಗ ಹೊರಡುತ್ತೀಯ ಎಂದು ಕೇಳಲಿಲ್ಲ. ನನ್ನ ಬಟ್ಟೆಗೆ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟಿದ್ದಾರೆ.

ಡಿಸೆಂಬರ್ 2, ಮಂಗಳವಾರ

ಒಂದು ವಿಚಿತ್ರ. ಯಂತ್ರ ಓಡುತ್ತಿರುವಾಗ ಅದರ ಸದ್ದಿನ ಮೇಲೆ ದನಿ ಏರಿಸಬೇಕಾಗುವುದರಿಂದ ಅಕ್ಕ ಸುಮ್ಮನಿರುತ್ತಾಳೆ. ಸಿಲಿಂಡರಿಗೆ ಸದ್ದಿಲ್ಲ. ಕರೆಂಟು ಹೋದರೆ ಮನೆ ಎಷ್ಟು ನಿಶ್ಶಬ್ದವಾಗುತ್ತದೆ ಎಂದರೆ ಅವಳು ಪಿಸುಗುಟ್ಟಿದರೂ ಕೇಳಿಸುತ್ತದೆ. ಆಗ ಮಾತು ಶುರು. ಮೂವರೂ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಹೊರಗೆ ಬೆಳಕು ಆರುತ್ತಿರುತ್ತದೆ, ಬೀದಿಯಲ್ಲಿ ಜನ ಬೇಗ ಬೇಗ ಮನೆಗೆ ಹೋಗುತ್ತಿರುತ್ತಾರೆ.

ಇವತ್ತು ಹೇಳಿದ್ದು ನಿಲ್ದಾಣದ ಕಥೆ. ರೈಲು ತಡವಾದಾಗಲೆಲ್ಲ ಘೋಷಣೆಯ ಕೊನೆಯಲ್ಲಿ "ವಿಳಂಬಕ್ಕಾಗಿ ವಿಷಾದಿಸುತ್ತೇವೆ" ಎನ್ನಬೇಕಿತ್ತಲ್ಲ. ಒಂದು ಸಲ ಒಬ್ಬಳು ಮುದುಕಿ ಹುಡುಕಿಕೊಂಡು ಇವಳ ಕೋಣೆಗೇ ಬಂದಳಂತೆ. ಗಾಜು ತಟ್ಟಿ, "ಬೆಳಗಿಂದ ಕೇಳ್ತಿದೀನಿ, ಎಷ್ಟು ಸಲ ವಿಷಾದಿಸ್ತೀಯೇ ತಾಯಿ? ನೀನೇನು ರೈಲು ಹಿಡಿದು ನಿಲ್ಲಿಸಿದೀಯಾ? ಸುಮ್ನಿರು, ಬಂದಾಗ ಬರತ್ತೆ," ಎಂದು ಒಂದು ಬ್ರೆಡ್ಡಿನ ತುಂಡು ಕೊಟ್ಟು ಹೋದಳಂತೆ.

ನಾವು ನಗುತ್ತಿರುವಾಗ ಅಕ್ಕ ನನ್ನ ಕಡೆ ತಿರುಗಿ, "ನಾನಂತೂ... ಸಂಬಳಕ್ಕೆ ವಿಷಾದಿಸ್ತಿದ್ದೆ," ಎಂದಳು. "ನಿನಗೆ ಯಾರು... ಕೊಡ್ತಾರೆ?"

ಕರೆಂಟು ಬಂತು. ಯಂತ್ರ ಶುರುವಾಯಿತು. ಭಾವ ಎದ್ದು ದೀಪ ಹಾಕುವಾಗ, "ಇಷ್ಟು ಬೇಗ ಬಂತಾ?" ಎಂದರು.

ಡಿಸೆಂಬರ್ 7, ಭಾನುವಾರ

ಡಾಕ್ಟರು ಮನೆಗೆ ಬಂದಿದ್ದರು. ಆಸ್ಪತ್ರೆಗೆ ಸೇರಿಸಿದರೆ ಕೆಲವು ವಾರ ಹೆಚ್ಚು ಸಿಗಬಹುದು, ಆದರೆ ಮುಖಕ್ಕೆ ಬಿಗಿಯಾದ ಆಕ್ಸಿಜನ್ ಮಾಸ್ಕ್ ಹಾಕಬೇಕಾಗುತ್ತದೆ, ಮಾತಾಡಲಾಗುವುದಿಲ್ಲ ಎಂದರು. ಅಕ್ಕ ಬೇಡ ಎಂದು ಕೈ ಆಡಿಸಿದಳು. ಡಾಕ್ಟರು ಭಾವನ ಮುಖ ನೋಡಿದರು. ಭಾವ ನನ್ನ ಮುಖ ನೋಡಿದರು.

ನನಗೆ ಇಂಥದ್ದರಲ್ಲಿ ಅಭ್ಯಾಸವಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಉಳಿದಿರುವ ಆಯುಸ್ಸು ಎಷ್ಟು, ಯಾವ ಭಾರಕ್ಕೆ ಎಷ್ಟು ದಿನ ತಡೆದೀತು. "ಅವಳು ಹೇಳಿದ ಹಾಗೆ," ಎಂದೆ.

ಬೆರಳಿನ ಮಾಪಕ ಎಲ್ಲಿಟ್ಟಿದ್ದೇನೋ ಕಾಣುತ್ತಿಲ್ಲ.

ಡಿಸೆಂಬರ್ 11, ಗುರುವಾರ

ಸ್ಥಾವರದಿಂದ ಬರುವಾಗ ಅಂಗಡಿ ಬೀದಿ ಪೂರ್ತಿ ಕತ್ತಲಾಗಿತ್ತು. ಬ್ರೆಡ್ಡಿನ ಅಂಗಡಿಯವಳು ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದಳು. "ಯಾರೋ ಹೊರಗಿಂದ ಬಂದವಳು ನಿಲ್ಲಿಸಿಬಿಟ್ಟಳಂತೆ," ಎಂದು ನನಗೇ ಹೇಳಿದಳು. ಹೌದಂತೆ ಎಂದೆ. ಅಕ್ಕನಿಗೆ ಹೇಳಿದರೆ ನಕ್ಕಾಳು ಎಂದುಕೊಂಡು ಬಂದೆ. ಅವಳಿಗೆ ನಿದ್ದೆ ಬಂದಿತ್ತು. ಪಕ್ಕದಲ್ಲಿ ಕೂತೆ. ಅವಳ ಕೈ ನನ್ನ ಕೈಯಲ್ಲಿತ್ತು. ಏನೂ ಮಾಡಲಿಲ್ಲ, ಓದಲೂ ಇಲ್ಲ. ಸಂಜೆ ಹೇಗೆ ಹೋಯಿತೋ.

ಎದ್ದ ಮೇಲೆ ಹೇಳಿದೆ. ನಗಲಿಲ್ಲ. "ನಾಳೆ ಅವಳ ಹತ್ರಾನೇ... ಬ್ರೆಡ್ಡು ತಗೋ," ಎಂದಳು.

ಡಿಸೆಂಬರ್ 16, ಮಂಗಳವಾರ

ಕವಚದ ಮೇಲರ್ಧವನ್ನು ಕ್ರೇನಿನಿಂದ ಎತ್ತಿದರು. ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ತೆರೆದ ಯಂತ್ರದ ಹತ್ತಿರ ಜೇಬಿನಲ್ಲಿ ಏನೂ ಇರಕೂಡದು, ಒಂದು ಪೆನ್ನು ಒಳಗೆ ಬಿದ್ದರೂ ಅನಾಹುತ. ಫೋನು, ಗಡಿಯಾರ ಎಲ್ಲ ಹೊರಗಿನ ಪೆಟ್ಟಿಗೆಯಲ್ಲಿ ಬಿಟ್ಟಿದ್ದೆ.

ಬಿರುಕು ತೋರಿಸುವ ಬಣ್ಣದ ದ್ರವ ಹಚ್ಚಿ ಒರೆಸಿ ನೋಡಿದಾಗ ಎರಡು ಅಲಗುಗಳಲ್ಲಿ ಕೆಂಪು ಗೆರೆ ಎದ್ದಿತು. ಒಂದರಲ್ಲಿ ಬುಡದವರೆಗೂ ಇಳಿದಿತ್ತು. ಗುಬ್ಬಿ ಉಗುರಿನಿಂದ ಅದರ ಮೇಲೆ ಎಳೆದು ನೋಡಿದ. ಉಗುರು ಸಿಕ್ಕಿಕೊಂಡಿತು. ಆಮೇಲೆ, "ನಾನು ದಿನಾ ಇದರ ಪಕ್ಕಾನೇ ಓಡಾಡ್ತಿದ್ದೆ," ಎಂದ. ಮ್ಯಾನೇಜರ್ ನನ್ನ ಕೈ ಹಿಡಿದು ಕುಲುಕಿದರು. ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಅಕ್ಕನಿಗೆ ಹೇಳಬೇಕು ಎಂದುಕೊಂಡೆ. ಗೇಟಿನ ಹತ್ತಿರ ಬಂದು ಪೆಟ್ಟಿಗೆಯಿಂದ ಫೋನು ತೆಗೆದರೆ ಅದರ ತುಂಬ ಭಾವನ ಕರೆಗಳು.

ಡಿಸೆಂಬರ್ 17, ಬುಧವಾರ

ಎಲ್ಲ ಮುಗಿಸಿ ಬಂದೆವು.

ಡಿಸೆಂಬರ್ 20, ಶನಿವಾರ

ಭಾವ ಇಂದು ಹೇಳಿದರು. ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕಿಟಕಿ ಪಕ್ಕದ ಕುರ್ಚಿಗೆ ಕರೆದುಕೊಂಡು ಹೋಗು ಎಂದಳಂತೆ. ಕೂರಿಸಿದರು. ಕನ್ನಡಕ ಮಂಜಾಗಿದೆ ಎಂದಳು. ಅವರು ಒರೆಸಿ ತಂದು ಹಾಕುವಷ್ಟರಲ್ಲಿ ತಲೆ ಪಕ್ಕಕ್ಕೆ ವಾಲಿತ್ತು.

"ಕರೆಂಟಿತ್ತು ಪುಟ್ಟಿ," ಎಂದರು. "ಅವತ್ತು ನಮ್ಮ ಸರದಿಯೇ ಇರಲಿಲ್ಲ. ಯಂತ್ರ ಚೆನ್ನಾಗೇ ಓಡ್ತಿತ್ತು." ಇದನ್ನು ನನ್ನ ಸಮಾಧಾನಕ್ಕೆ ಹೇಳಿದರು. ನಾನು ತಲೆಯಾಡಿಸಿದೆ.

ಬರೆದಿಡಬೇಕಾದ್ದು ಇನ್ನೊಂದಿದೆ. ಅವತ್ತು ನಾನು ಮನೆಗೆ ಬಂದಾಗ ಅಕ್ಕಪಕ್ಕದವರು ಸೇರಿದ್ದರು. ಅವಳನ್ನು ಮಂಚದ ಮೇಲೆ ಮಲಗಿಸಿದ್ದರು. ಕೊಳವೆ ನೆಲದ ಮೇಲೆ ಬಿದ್ದಿತ್ತು, ಯಂತ್ರ ಮಾತ್ರ ಓಡುತ್ತಲೇ ಇತ್ತು. ಅಷ್ಟು ಜನರಲ್ಲಿ ಯಾರಿಗೂ ಅದನ್ನು ನಿಲ್ಲಿಸುವ ಧೈರ್ಯ ಬಂದಿರಲಿಲ್ಲ. ನಾನು ಹೋಗಿ ಗುಂಡಿ ಒತ್ತಿದೆ. ಭಾವ ಆಗ ಅತ್ತರು, ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ. ನನಗೆ ಅಳು ಬರಲಿಲ್ಲ. ಬರುತ್ತಿಲ್ಲ.

ಜನವರಿ 9, ಶುಕ್ರವಾರ

ಬಾಡಿಗೆಗೆ ಕೊಟ್ಟಿದ್ದವರು ಆಕ್ಸಿಜನ್ ಯಂತ್ರ ತೆಗೆದುಕೊಂಡು ಹೋಗಲು ಬಂದಿದ್ದರು. ಬಂದವನು ಒಳ್ಳೆಯವನೇ. ತಂತಿ ಸುತ್ತುತ್ತಾ, "ಸರಿಯಾಗಿ ಕೆಲಸ ಮಾಡ್ತಿತ್ತಾ?" ಎಂದು ಕೇಳಿದ.

"ಮಾಡ್ತಿತ್ತು."

"ನಡುವೆ ಏನೂ ತೊಂದರೆ ಕೊಡಲಿಲ್ಲ ತಾನೇ?"

"ಒಂದು ದಿನಾನೂ ಇಲ್ಲ," ಎಂದೆ. ಭಾವ ಎದ್ದು ಹಿತ್ತಲಿಗೆ ಹೋದರು.

ಆ ಮೂಲೆಯಲ್ಲಿ ನೆಲದ ಮೇಲೆ ಚೌಕಾಕಾರದ ಗುರುತು ಉಳಿದಿದೆ. ಒರೆಸಿದರೆ ಹೋಗಬಹುದು. ಒರೆಸಿಲ್ಲ.

ಜನವರಿ 21, ಬುಧವಾರ

ಹೊಸ ಅಲಗುಗಳು ಬಂದಿವೆ. ಒಂದೊಂದನ್ನೂ ತೂಗಿ, ತೂಕ ಸರಿದೂಗುವ ಹಾಗೆ ಎದುರು ಬದುರು ಕೂರಿಸುತ್ತಿದ್ದಾರೆ. ಗುಬ್ಬಿ ಈಗ ದಿನಾ ನನ್ನ ಮೇಜಿಗೇ ಬಂದು ಕೂತು ಊಟ ಮಾಡುತ್ತಾನೆ. ಅಕ್ಕನ ಬಗ್ಗೆ ಏನನ್ನೂ ಕೇಳುವುದಿಲ್ಲ. ನಿನ್ನೆ ಮಾತ್ರ, "ನಮ್ಮ ಮದುವೆ ಆದ ದಿನ ನಾನೂ ನನ್ನಾಕೆನೂ ಹೊರಟ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರತ್ತೆ ಅಂತ ಅವರೇ ಹೇಳಿದ್ದು," ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದ.

ಭಾವ ಅಂಗಡಿ ತೆರೆಯಲು ಶುರು ಮಾಡಿದ್ದಾರೆ. ನನ್ನ ಕಣ್ಣು ಪರೀಕ್ಷೆ ಮಾಡಿ, "ಇದನ್ನ ಹಾಕ್ಕೊಂಡು ಇಷ್ಟು ದಿನ ಹೇಗೆ ಬಿರುಕು ನೋಡಿದ್ಯೋ," ಎಂದು ಹಳೆಯ ಕನ್ನಡಕ ಕಿತ್ತಿಟ್ಟುಕೊಂಡರು. ಅಕ್ಕ ಹೋದ ಮೇಲೆ ಅವರು ತಮಾಷೆಯ ಮಾತಾಡಿದ್ದು ಇದೇ ಮೊದಲು. ಅಡುಗೆ ಇವತ್ತು ನನ್ನದು. ಮನೆಗೆ ಬೇಗ ಹೋಗಬೇಕು, ಉಪ್ಪು ಮುಗಿದಿದೆ.

ಕಚೇರಿಯಿಂದ ಮತ್ತೆ ಫೋನು: ಯಾವಾಗ ಬರುತ್ತೀರಿ? ಇದು ಓಡಿದ ಮೇಲೆ ಎಂದೆ.

ಫೆಬ್ರವರಿ 5, ಗುರುವಾರ

ಎರಡನೇ ಯಂತ್ರವನ್ನು ಇಂದು ಹೊತ್ತಿಸಿದರು. ಮೊದಲ ಸಲಕ್ಕೇ ಹೊತ್ತಿಕೊಂಡಿತು. ಅದುರಾಟ ಇಲ್ಲ. ಬಿಸಿ ಎಲ್ಲ ಮಗ್ಗುಲಲ್ಲೂ ಸಮ. ಮ್ಯಾನೇಜರ್ ಫೋನಿನಲ್ಲಿ ಯಾರಿಗೋ, ಇನ್ನು ಮೇಲೆ ಸರದಿ ಬೇಕಾಗಿಲ್ಲ, ಎಲ್ಲ ಬೀದಿಗೂ ಬಿಡಿ ಎನ್ನುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಪೂರ್ಣ ಭಾರಕ್ಕೆ ಬಂದ ಮೇಲೆ ಹತ್ತಿರದಿಂದ ನೋಡಬೇಕೆಂದು ಕಿವಿಮುಚ್ಚಳ ಹಾಕಿಕೊಂಡು ಯಂತ್ರಶಾಲೆಯ ಒಳಗೆ ಹೋದೆ. ಗುಬ್ಬಿ ಜೊತೆಗೆ ಬಂದ. ಅಲ್ಲಿ ಸದ್ದು ಕಿವಿಗಲ್ಲ, ಎದೆಗೂಡಿಗೆ ಬಡಿಯುತ್ತದೆ. ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಬೇರಿಂಗಿನ ಹತ್ತಿರ ಅಂಗೈ ಇಟ್ಟು ನೋಡಿದೆ. ನುಣ್ಣಗೆ ತಿರುಗುತ್ತಿತ್ತು. ಎಲ್ಲ ಸರಿಯಾಗಿತ್ತು. ಇಲ್ಲಿ ನೋಡಬೇಕಾದ್ದು ಇನ್ನೇನೂ ಉಳಿದಿರಲಿಲ್ಲ.

ಆಗ ಏನಾಯಿತೋ, ಅಕ್ಕಾ ಎಂದು ಕೂಗಿದೆ. ಬಾಯಿ ಬಿಟ್ಟು, ಹೊಟ್ಟೆಯಿಂದ. ಮತ್ತೆ ಕೂಗಿದೆ. ಕೂಗಿದ್ದು ನನಗೇ ಕೇಳಿಸಲಿಲ್ಲ. ಕೇಳಿಸದಿದ್ದರಿಂದ ಇನ್ನೂ ಜೋರಾಗಿ ಕೂಗಿದೆ. ಮುಖವೆಲ್ಲ ಒದ್ದೆಯಾಯಿತು. ಎಷ್ಟು ಹೊತ್ತೋ ತಿಳಿಯದು.

ತಿರುಗಿ ನೋಡಿದರೆ ಗುಬ್ಬಿ ಸ್ವಲ್ಪ ದೂರದಲ್ಲಿ ಗಾಬರಿಯಿಂದ ನಿಂತಿದ್ದ. ನನ್ನ ಬಾಯಿ ಆಡಿದ್ದು ಮಾತ್ರ ಕಂಡಿರಬೇಕು. ಯಂತ್ರದಲ್ಲಿ ಏನೋ ದೋಷ ಕಂಡು ಹೇಳುತ್ತಿದ್ದೇನೆ ಎಂದುಕೊಂಡು ತೋಳು ಹಿಡಿದು ಹೊರಗೆ ಕರೆತಂದ. ಬಾಗಿಲು ಮುಚ್ಚಿ, ತನ್ನ ಕಿವಿಮುಚ್ಚಳ ತೆಗೆದು, ಬಗ್ಗಿ ಕೇಳಿದ:

"ಏನಂದ್ರಿ ಮೇಡಂ?"

"ಏನಿಲ್ಲ," ಎಂದೆ. "ಚೆನ್ನಾಗಿ ಓಡ್ತಿದೆ ಅಂದೆ."